ಬೇಸ್‌ಬಾಲ್ ಡ್ರಾಫ್ಟ್‌ನ ‘ಪಿಕ್’: ‘ಆಯ್ಕೆ’ ಎಂದರೆ ಸಾಕೇ?

ಬಲ್ಲವರಿಗೆ ನಮಸ್ಕಾರ.

ಅಮೆರಿಕದ ಬೇಸ್‌ಬಾಲ್ ತಂಡಗಳು ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಏರ್ಪಾಡಿಗೆ ‘ಡ್ರಾಫ್ಟ್’ ಎನ್ನುತ್ತಾರೆ, ಹಾಗೆ ಒಬ್ಬನನ್ನು ಆರಿಸುವುದಕ್ಕೆ ‘ಪಿಕ್’. ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ಡ್ರಾಫ್ಟ್‌ನಲ್ಲಿ ಯಾವ ವರ್ಷ ಯಾರನ್ನು ಆರಿಸಿತು, ಅದು ಫಲಿಸಿತೇ ಇಲ್ಲವೇ ಎಂದು ಅಭಿಮಾನಿಯಾಗಿ ನನ್ನ ಲೆಕ್ಕಾಚಾರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಎಡವಿದೆ. ‘2006ರಲ್ಲಿ ಜೈಂಟ್ಸ್‌ನ 10ನೇ ಆಯ್ಕೆ ಟಿಮ್ ಲಿನ್ಸೆಕಮ್’ ಎಂದು ಬರೆದು ಊರಿನಲ್ಲಿರುವ ಅಣ್ಣನಿಗೆ ಕಳಿಸಿದೆ. ‘ಇವನಿಗಿಂತ ಮೊದಲು ಆರಿಸಿದ ಒಂಬತ್ತು ಮಂದಿ ಎಲ್ಲಿ ಹೋದರು?’ ಎಂದು ಅವನು ಕೇಳಿದ.

ಅಣ್ಣ ಓದಿಕೊಂಡದ್ದರಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ‘ಹತ್ತನೇ ಆಯ್ಕೆ’ ಎಂದರೆ ಆ ತಂಡವೇ ಆರಿಸಿದವರಲ್ಲಿ ಹತ್ತನೆಯವನು. ನಿಜದಲ್ಲಿ ಲಿನ್ಸೆಕಮ್ ಆ ವರ್ಷ ಜೈಂಟ್ಸ್ ಕೂಗಿದ ಮೊದಲ ಹೆಸರು. ತಂಡಗಳು ಒಂದಾದ ಮೇಲೊಂದರಂತೆ ಒಬ್ಬೊಬ್ಬರನ್ನು ಆರಿಸುತ್ತ ಬಂದು, ಒಂಬತ್ತು ಹುಡುಗರು ಬೇರೆಯವರ ಪಾಲಾದ ಮೇಲೆ ನಮ್ಮ ತಂಡದ ಸರದಿ ಬಂತು. ನನ್ನಂಥವನಿಗೆ ಆ ‘ಹತ್ತು’ ಬಹಳ ಮುಖ್ಯ. 5 ಅಡಿ 11 ಇಂಚಿನ, ಸಣಕಲು ಮೈಯ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಅಷ್ಟು ತಂಡಗಳು ದಾಟಿಹೋದವು. ಅವನು 2008 ಮತ್ತು 2009ರಲ್ಲಿ, ಎರಡು ವರ್ಷ ಬೆನ್ನುಬೆನ್ನಿಗೆ, ನ್ಯಾಷನಲ್ ಲೀಗ್‌ನ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ‘ಹತ್ತನೇ ಆಯ್ಕೆ’ ಎಂದು ಬರೆದರೆ ಈ ಕಥೆಯೇ ಬುಡಮೇಲಾಗುತ್ತದೆ.

ಆದ್ದರಿಂದ ‘10ನೇ ಸರದಿಯಲ್ಲಿ’ ಎಂದು ತಿದ್ದಿದೆ. ‘ಪಾಳಿ’ ಇನ್ನೂ ಚಿಕ್ಕದು, ಬಾಯಿಗೆ ಹಗುರ. ಆದರೆ ಮೈಸೂರು ಕಡೆಯವರಿಗೆ ಪಾಳಿ ಎಂದರೆ ಕಾರ್ಖಾನೆಯ ರಾತ್ರಿ ಪಾಳಿಯೇ ಮೊದಲು ನೆನಪಾದೀತು. ಧಾರವಾಡದ ಕಡೆಯವರು ಏನನ್ನುತ್ತೀರಿ?

‘ಡ್ರಾಫ್ಟ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಕರಡು’ ಕಾಗದಪತ್ರದ ಮಾತು. ಐಪಿಎಲ್‌ನಿಂದಾಗಿ ಎಲ್ಲರಿಗೂ ಗೊತ್ತಿರುವ ‘ಹರಾಜು’ ಕೂಡ ಇಲ್ಲಿ ಕೂಡದು. ಹರಾಜಿನಲ್ಲಿ ಹಣ ಹೆಚ್ಚು ಕೂಗಿದವನಿಗೆ ಆಟಗಾರ. 1965ರಲ್ಲಿ ಶುರುವಾದ ಈ ಪದ್ಧತಿ ತಡೆಯಹೊರಟದ್ದೇ ಆ ಪೈಪೋಟಿಯನ್ನು. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ ಎಂಬುದು ಅದರ ಮೂಲ ನಿಯಮ. 2023ರಿಂದ ಮೊದಲ ಆರು ಸರದಿಗಳನ್ನು ಲಾಟರಿಯಿಂದ ಹಂಚುತ್ತಾರೆ.

ನನ್ನ ನಿಜವಾದ ತೊಡಕು ಕ್ರಿಯಾಪದದ್ದು. ಲಿನ್ಸೆಕಮ್‌ನನ್ನು 2003ರಲ್ಲಿ ಶಿಕಾಗೊ ಕಬ್ಸ್ 48ನೇ ಸುತ್ತಿನಲ್ಲಿ (ತಂಡಗಳಿಗೆಲ್ಲ ಒಂದೊಂದು ಸರದಿ ಮುಗಿದರೆ ಒಂದು ಸುತ್ತು), 2005ರಲ್ಲಿ ಕ್ಲೀವ್‌ಲ್ಯಾಂಡ್ 42ನೇ ಸುತ್ತಿನಲ್ಲಿ ಕರೆದಿದ್ದವು. ಎರಡು ಸಲವೂ ಅವನು ಸಹಿ ಹಾಕದೆ ಕಾಲೇಜಿನಲ್ಲೇ ಆಡಿದ. ‘ಆಯ್ಕೆಯಾದ’ ಎಂದು ಮೂರು ಸಲ ಬರೆದರೆ ಅವನು ಮೂರು ತಂಡಗಳಿಗೆ ಸೇರಿದ ಎಂದೇ ಓದುಗ ತಿಳಿಯುತ್ತಾನೆ. ಕನ್ನಡದಲ್ಲಿ ಆಯ್ಕೆಯಾದ ಎಂದರೆ ಸೇರಿದ ಹಾಗೆಯೇ ಲೆಕ್ಕ. ‘ಗೊತ್ತು ಮಾಡು’ ಎಂಬ ನುಡಿಗಟ್ಟು ನನಗೆ ಬಹಳ ಇಷ್ಟ. ಗಾಡಿ ಗೊತ್ತು ಮಾಡುತ್ತೇವೆ, ಮದುವೆಗೆ ಹುಡುಗನನ್ನು ಗೊತ್ತು ಮಾಡುತ್ತೇವೆ. ಆದರೆ ಅದರಲ್ಲಿ ಎರಡೂ ಕಡೆಯ ಒಪ್ಪಿಗೆ ಅಡಗಿದೆ. ಡ್ರಾಫ್ಟ್‌ನಲ್ಲಿ ತಂಡ ಹೆಸರು ಕೂಗಿದಾಗ ಹುಡುಗ ಇನ್ನೂ ಹೂಂ ಎಂದಿರುವುದಿಲ್ಲ. ಅವನೊಡನೆ ಮಾತುಕತೆ ನಡೆಸುವ ಹಕ್ಕು ಮಾತ್ರ ಆ ತಂಡದ ಕೈಗೆ ಬರುತ್ತದೆ. ಸದ್ಯಕ್ಕೆ ‘ಹೆಸರು ಹಿಡಿದರು’ ಎಂದು ಬರೆದಿದ್ದೇನೆ, ಕಿವಿಗೆ ಹಿತವಾಗಿಲ್ಲ.

ಫಲ ಹೇಳುವ ಮಾತುಗಳಿಗೆ ಮಾತ್ರ ಕನ್ನಡದಲ್ಲಿ ಬರವಿಲ್ಲ. 2007ರಲ್ಲಿ ಮತ್ತೆ 10ನೇ ಸರದಿಯಲ್ಲಿ ನಾರ್ತ್ ಕ್ಯಾರೊಲಿನಾದ ಹೈಸ್ಕೂಲ್ ಹುಡುಗ ಮ್ಯಾಡಿಸನ್ ಬಮ್‌ಗಾರ್ನರ್, 2008ರಲ್ಲಿ 5ನೇ ಸರದಿಯಲ್ಲಿ ಬಸ್ಟರ್ ಪೋಸಿ. ಮೂರು ವರ್ಷದ ಈ ಮೂವರೂ 2010ರ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಅಂತಿಮ ಪಟ್ಟದ ಸರಣಿ, ಗೆದ್ದ ತಂಡದಲ್ಲಿದ್ದರು. ಅಂಥ ಬೆಳೆ ಈ ತಂಡಕ್ಕೆ ಮತ್ತೆ ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 2018ರಲ್ಲಿ 2ನೇ ಸರದಿಯಲ್ಲೇ ಬಂದ ಕ್ಯಾಚರ್ (ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವವನು) ಜೋಯಿ ಬಾರ್ಟ್ ಬಗ್ಗೆ ಮೊದಲು ‘ಜೊಳ್ಳು’ ಎಂದು ಬರೆದಿದ್ದೆ. ಮರುದಿನ ಓದಿದಾಗ ಮನಸ್ಸಿಗೆ ಚುಚ್ಚಿತು, ಹೊಡೆದುಹಾಕಿದೆ. ಜೊಳ್ಳಿನಲ್ಲಿ ಕಾಳೇ ಇರುವುದಿಲ್ಲ, ಅವನಲ್ಲಿ ಇತ್ತು. ‘ಹೂವೇನೋ ಬಿಟ್ಟಿತು, ಕಾಯಿ ಕಚ್ಚಲಿಲ್ಲ’ ಎಂದು ಬದಲಿಸಿದೆ. 2024ರಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಹೋಗಿ ಅದೇ ವರ್ಷ 13 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದ. ಮಣ್ಣು ಬದಲಾದಾಗ ಕಾಯಿ ಕಚ್ಚಿತು ಎಂದು ಅದೇ ಮಾತಿನಲ್ಲಿ ಮುಂದುವರಿಯಲು ಸಾಧ್ಯವಾಯಿತು.

ಇನ್ನೊಂದು ಜೋಡಿ ‘ಸೀಲಿಂಗ್’ ಮತ್ತು ‘ಫ್ಲೋರ್’. ಹುಡುಗ ಏರಿದರೆ ಎಷ್ಟು ಎತ್ತರ, ಏನೂ ಕೈಗೂಡದಿದ್ದರೂ ಕನಿಷ್ಠ ಎಷ್ಟು ಎಂಬ ಅಂದಾಜು. 2023ರಲ್ಲಿ 16ನೇ ಸರದಿಯಲ್ಲಿ ಬಂದ ಬ್ರೈಸ್ ಎಲ್ಡ್ರಿಜ್ 6 ಅಡಿ 7 ಇಂಚಿನ ಹೈಸ್ಕೂಲ್ ಹುಡುಗ, ಆಗ ಚೆಂಡು ಎಸೆಯುವುದರಲ್ಲೂ ಬ್ಯಾಟಿಂಗ್‌ನಲ್ಲೂ ಗಟ್ಟಿಗ. ಅಂಥವನ ಬಗ್ಗೆ ‘ಚಾವಣಿ ಎತ್ತರ’ ಎಂದರೆ ಮನೆ ಕಟ್ಟಿಸುವ ಮಾತಾಗುತ್ತದೆ. ‘ಏರಿದರೆ ಇಷ್ಟು, ಕೆಟ್ಟರೂ ಇಷ್ಟು’ ಎಂದು ಬಿಡಿಸಿ ಬರೆದಿದ್ದೇನೆ. ಅದು ನನಗೆ ಒಪ್ಪಿಗೆಯಾಗಿದೆ.

ಉಳಿದಿರುವುದು ಆ ಕ್ರಿಯಾಪದ. ಒಂದು ಕಡೆಯವರು ಮಾತ್ರ ಮುಂದಾಗಿ ಹಕ್ಕು ಹಿಡಿದಿಡುವ, ಇನ್ನೊಂದು ಕಡೆಯ ಒಪ್ಪಿಗೆ ಇನ್ನೂ ಬಾಕಿ ಇರುವ ಕೆಲಸಕ್ಕೆ ನಿಮ್ಮ ಊರಿನಲ್ಲಿ, ಸಂತೆಯಲ್ಲೋ ಹೊಲದ ಗುತ್ತಿಗೆಯಲ್ಲೋ ಹೆಣ್ಣು ಕೇಳುವಾಗಲೋ, ಬಳಸುವ ಮಾತಿದ್ದರೆ ದಯವಿಟ್ಟು ತಿಳಿಸಿ.