ಕೋಲಿಕ್ ಕುದುರೆಗಳಲ್ಲಿ ಹೊಟ್ಟೆ ನೀರಿನ ಲ್ಯಾಕ್ಟೇಟ್: ಥೀಸಿಸ್‌ಗೆ ಮಾದರಿ, ಮೀಟರ್, ಕೇಸುಗಳ ಸಂಖ್ಯೆ

ಸರ್ಜರಿ_ಪಿಜಿ:

ಎಲ್ಲರಿಗೂ ನಮಸ್ಕಾರ. ಎಂ.ವಿ.ಎಸ್‌ಸಿ. ಸರ್ಜರಿಗೆ (ಪಶುವೈದ್ಯ ಸ್ನಾತಕೋತ್ತರ ಪದವಿ) ಸಿನಾಪ್ಸಿಸ್, ಅಂದರೆ ಸಂಶೋಧನಾ ಯೋಜನೆ, ಸಿದ್ಧ ಮಾಡುತ್ತಿದ್ದೇನೆ. ಕೋಲಿಕ್ (ಹೊಟ್ಟೆನೋವು) ಬಂದ ಕುದುರೆಗಳಲ್ಲಿ ರಕ್ತದ ಲ್ಯಾಕ್ಟೇಟ್ ಮತ್ತು ಹೊಟ್ಟೆ ನೀರಿನ (ಕರುಳಿನ ಸುತ್ತ ಇರುವ ದ್ರವದ) ಲ್ಯಾಕ್ಟೇಟ್ ಎರಡನ್ನೂ ಅಳೆದು, ಕರುಳು ತಿರುಚಿ ರಕ್ತಸಂಚಾರ ನಿಂತಿದೆಯೇ ಎಂದು ಹೊಟ್ಟೆ ತೆರೆಯುವ ಮೊದಲೇ ಹೇಳಲು ಸಾಧ್ಯವೇ ಎಂಬುದು ವಿಷಯ. ಕೇಸುಗಳು ಬರುವುದು ರೇಸ್ ಲಾಯಗಳಿಂದ, ರೈಡಿಂಗ್ ಸ್ಕೂಲ್‌ಗಳಿಂದ, ಕೆಲವು ಟಾಂಗಾ ಕುದುರೆಗಳು.

ಈಗಿನ ಯೋಜನೆ: ಕುದುರೆ ಬಂದ ತಕ್ಷಣ ಒಂದು ಸಲ ಮಾದರಿ. ಕ್ರೀಡಾಪಟುಗಳಿಗೆಂದು ಮಾರುವ ಕೈಮೀಟರ್‌ನಲ್ಲಿ ಅಳತೆ. ಬದುಕಿತೋ ಸತ್ತಿತೋ ಎಂಬುದೇ ಫಲಿತಾಂಶ. ಒಟ್ಟು 30 ಕುದುರೆ.

ಕಟಾಫ್ (ಕರುಳು ಕೆಟ್ಟಿದೆ ಎನ್ನುವ ಗಡಿ ಅಂಕಿ) ಎಷ್ಟು ಇಟ್ಟುಕೊಳ್ಳಲಿ, ಲೀಟರಿಗೆ 2 ಅಥವಾ 4 ಮಿಲಿಮೋಲ್? ನೀರು ತೆಗೆಯುವಾಗ ರಕ್ತ ಬೆರೆಯದಂತೆ ಏನು ಮಾಡಬೇಕು? ಆ ಮೀಟರ್ ನಂಬಬಹುದೇ? 30 ಸಾಕೇ? ಬರುವ ಕುದುರೆಗಳಿಗೆಲ್ಲ ಮೊದಲೇ ಒಂದೆರಡು ಇಂಜೆಕ್ಷನ್ ಆಗಿರುತ್ತದೆ, ಅದನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದು?

ಅಶ್ವ_ಸರ್ಜನ್:

ವಿಷಯ ಒಳ್ಳೆಯದು ಡಾಕ್ಟ್ರೇ. ಆದರೆ ಒಂದೇ ಸಲ ಅಳೆಯುವ ಯೋಜನೆ ಬಿಡಿ. ರಕ್ತ ನಿಂತ ಕರುಳಿನ ತುಂಡು ಆಮ್ಲಜನಕ ಇಲ್ಲದೆ ಲ್ಯಾಕ್ಟೇಟ್ ಉತ್ಪಾದಿಸುತ್ತದೆ. ಅದು ಮೊದಲು ಹೊಟ್ಟೆ ನೀರಿಗೆ ಜಿನುಗುತ್ತದೆ. ರಕ್ತಕ್ಕೆ ಬಂದದ್ದನ್ನು ಲಿವರ್ ತೆರವು ಮಾಡುತ್ತಿರುವುದರಿಂದ ರಕ್ತದ ಅಂಕಿ ಏರುವುದು ತಡ. ಹಾಗಾಗಿ ನಿಮಗೆ ಬೇಕಾದದ್ದು ಎರಡು: ನೀರಿನ ಅಂಕಿ ರಕ್ತದ್ದಕ್ಕಿಂತ ಎಷ್ಟು ಮೇಲಿದೆ, ಮತ್ತು ಎರಡು ಗಂಟೆಯ ನಂತರ ಎಷ್ಟು ಏರಿದೆ. ಆರೋಗ್ಯವಂತ ಕುದುರೆಯ ಹೊಟ್ಟೆ ನೀರಿನಲ್ಲಿ ಲ್ಯಾಕ್ಟೇಟ್ 2 ಮಿಲಿಮೋಲ್‌ಗಿಂತ ಕಡಿಮೆ. 3 ಇದ್ದದ್ದು 6 ಆದರೆ, ಬಂದಾಗಲೇ 5 ಇದ್ದು ಡ್ರಿಪ್ ಹಾಕಿದ ಮೇಲೆ 3ಕ್ಕೆ ಇಳಿದದ್ದಕ್ಕಿಂತ ಅದು ಎಷ್ಟೋ ಗಂಭೀರ. ಆದರೆ ಇದು ಮೊದಲ ಸಲ ಗೊಂದಲ ಉಳಿದ ಕೇಸುಗಳಿಗೆ ಮಾತ್ರ. ನೋವು ತಡೆಯದೆ ಹೊರಳಾಡುತ್ತಿರುವ, ಹೊಟ್ಟೆ ಉಬ್ಬಿದ ಕುದುರೆಯನ್ನು ಎರಡನೇ ಮಾದರಿಗಾಗಿ ಕಾಯಿಸಬಾರದು. ದೊಡ್ಡ ಕರುಳು ಪೂರ್ತಿ ತಿರುಚಿದಾಗ ಬಹಳ ಹೊತ್ತು ನೀರು ಸ್ವಚ್ಛವಾಗಿಯೇ ಇರುವುದುಂಟು.

ಇನ್ನೊಂದು ಮೋಸ: ಸತ್ತ ಕರುಳು ಹೊಟ್ಟೆಯ ತೆರೆದ ಜಾಗಕ್ಕೆ ತಾಗದೇ ಇದ್ದರೆ ನೀರಿನಲ್ಲಿ ಏನೂ ಕಾಣುವುದಿಲ್ಲ. ಕರುಳಿನೊಳಗೆ ಕರುಳು ತೂರಿಕೊಂಡ ಇಂಟಸಸೆಪ್ಷನ್, ಎಪಿಪ್ಲೋಯಿಕ್ ಫೊರಾಮೆನ್‌ನಲ್ಲಿ (ಲಿವರ್ ಪಕ್ಕದ ಕಿರಿದಾದ ಸಂದಿಯಲ್ಲಿ) ಸಿಕ್ಕಿಕೊಂಡದ್ದು, ಬೀಜದ ಚೀಲಕ್ಕೆ ಇಳಿದ ಹರ್ನಿಯಾ, ಡಯಾಫ್ರಮ್ ದಾಟಿ ಎದೆಗೆ ಹೋದದ್ದು ಈ ಪಟ್ಟಿಯಲ್ಲಿ ಬರುತ್ತವೆ. ಗಂಡು ಕುದುರೆಗೆ ಹಿಡ ಮಾಡಿಲ್ಲದಿದ್ದರೆ ಬೀಜ ಮುಟ್ಟಿ ನೋಡದೆ ಫಾರ್ಮ್ ತುಂಬಬೇಡಿ. ಇವನ್ನು ಪ್ರೊಫಾರ್ಮಾದಲ್ಲಿ ಬೇರೆ ಕಾಲಂ ಮಾಡಿ, ಇಲ್ಲದಿದ್ದರೆ ಟೆಸ್ಟ್ ಸೋತದ್ದು ಎಲ್ಲಿ ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಈಗ ನೀರು ತೆಗೆಯುವುದು. ಹೊಟ್ಟೆಯ ಅತಿ ತಗ್ಗಿನ ಜಾಗ, ಸಾಮಾನ್ಯವಾಗಿ ಎದೆಮೂಳೆಯ ತುದಿಯಿಂದ 5–10 ಸೆಂ.ಮೀ. ಹಿಂದೆ, ನಡುಗೆರೆಯಿಂದ 2–5 ಸೆಂ.ಮೀ. ಬಲಕ್ಕೆ. ಎಡಕ್ಕೆ ಹೋದರೆ ಗುಲ್ಮಕ್ಕೆ ಚುಚ್ಚುತ್ತೀರಿ. ಅಲ್ಟ್ರಾಸೌಂಡ್ ಇದ್ದರೆ ನೀರಿನ ಗುಂಡಿ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ಅಂಗೈ ಅಗಲ ಕೂದಲು ತೆಗೆದು, ಸರ್ಜಿಕಲ್ ಸ್ಕ್ರಬ್ ಮಾಡಿ, 2% ಲಿಗ್ನೋಕೇನ್ 2–3 ಮಿ.ಲೀ. ಚರ್ಮದಡಿ ಮತ್ತು ಸ್ನಾಯುವಿಗೆ ಕೊಡಿ. ಮೂಗಿಗೆ ಟ್ವಿಚ್ (ಕುದುರೆ ಅಲುಗದಂತೆ ಹಿಡಿಯುವ ಸಾಧನ), ಬೇಕಿದ್ದರೆ ಸ್ವಲ್ಪ ಕ್ಸೈಲಜಿನ್ (ಮತ್ತಿನ ಔಷಧಿ). ನೀವು ಬಲ ಮುಂಗಾಲಿನ ಪಕ್ಕ ಹಿಂದಕ್ಕೆ ಮುಖ ಮಾಡಿ ನಿಲ್ಲಿ.

18 ಗೇಜ್, ಒಂದೂವರೆ ಇಂಚಿನ ಸೂಜಿ ತೆಳ್ಳಗಿನ ರೇಸ್ ಕುದುರೆಗೆ ಸಾಕಾಗುತ್ತದೆ. ಕೊಬ್ಬಿದ ಕುದುರೆಯಲ್ಲಿ ಅದು ಕೊಬ್ಬಿನಲ್ಲೇ ನಿಲ್ಲುತ್ತದೆ. ಥೀಸಿಸ್‌ಗೆ ನಾನು ಟೀಟ್ ಕ್ಯಾನುಲಾ (ತೆಳು ಕೊಳವೆ) ಹೇಳುತ್ತೇನೆ, ಮೊಂಡು ತುದಿ ಕರುಳನ್ನು ಪಕ್ಕಕ್ಕೆ ತಳ್ಳುತ್ತದೆ. 15 ನಂಬರ್ ಬ್ಲೇಡಿನಿಂದ ಚರ್ಮ ಮತ್ತು ಸ್ನಾಯುವಿನ ಹೊರಪೊರೆ ಸೀಳಿ. ರಕ್ತ ಬೆರೆಯುವುದು ಇಲ್ಲೇ. ಆ ಗಾಯದ ರಕ್ತ ಕ್ಯಾನುಲಾ ಮೇಲೆ ಹರಿದು ಟ್ಯೂಬಿಗೆ ಬೀಳುತ್ತದೆ. ಸ್ಟೆರೈಲ್ ಗಾಜ್ ತುಂಡಿನ ನಡುವೆ ಕ್ಯಾನುಲಾ ತೂರಿಸಿ, ಗಾಜ್ ಸಮೇತ ಒಳಗೆ ಒತ್ತಿ. ಗಾಜ್ ರಕ್ತ ಹೀರಿಕೊಳ್ಳುತ್ತದೆ, ನೀರು ಕ್ಯಾನುಲಾ ತುದಿಯಿಂದ ತೊಟ್ಟಿಕ್ಕುತ್ತದೆ. ಮೊದಲ ಕೆಲವು ಹನಿ ಬಿಟ್ಟುಬಿಡಿ. ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ದಾಟುವಾಗ ಕೈಗೆ ಸಣ್ಣ 'ಟಕ್' ಗೊತ್ತಾಗುತ್ತದೆ, ಕುದುರೆಯೂ ಹೊಟ್ಟೆ ಬಿಗಿ ಹಿಡಿಯುತ್ತದೆ. ನೀರು ಬರದಿದ್ದರೆ ಕ್ಯಾನುಲಾ ನಿಧಾನವಾಗಿ ತಿರುಗಿಸಿ. ಸೂಜಿ ಬಳಸುತ್ತಿದ್ದರೆ ಕೆಲವು ಸೆಂ.ಮೀ. ದೂರದಲ್ಲಿ ಇನ್ನೊಂದು ಸೂಜಿ ಹಾಕಿ, ಒಳಗಿನ ಒತ್ತಡ ಸಮವಾಗಿ ನೀರು ಇಳಿಯಲು ಶುರುವಾಗುತ್ತದೆ.

ಬಣ್ಣ ಬರೆದಿಡಿ. ತಿಳಿ ಹುಲ್ಲು ಹಳದಿ ಸಾಮಾನ್ಯ. ಮೊದಲಿಂದ ಕೊನೆವರೆಗೆ ಒಂದೇ ಸಮನೆ ಕೆಂಪು ನೀರಾದರೆ ಕರುಳಿನದು. ಸ್ವಚ್ಛ ನೀರಿನಲ್ಲಿ ರಕ್ತದ ಎಳೆ ಸುತ್ತಿ ಬಂದರೆ ಚುಚ್ಚಿದ ಗಾಯದ್ದು. ಗಟ್ಟಿ ರಕ್ತವೇ ಬಂದು, ಅದರ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪ್ರಮಾಣ) ಜುಗುಲರ್ (ಕುತ್ತಿಗೆಯ ರಕ್ತನಾಳ) ರಕ್ತದ ಪಿಸಿವಿಗಿಂತ ಹೆಚ್ಚಿದ್ದರೆ ಗುಲ್ಮಕ್ಕೆ ಹೋಗಿದ್ದೀರಿ. ಹಸಿರು ಕಂದು ನೀರು ಬಂದರೆ ಕರುಳು ಒಡೆದಿದೆ ಎಂದು ತೀರ್ಮಾನಿಸುವ ಮುಂಚೆ ಬೇರೆ ಜಾಗದಲ್ಲಿ ಮತ್ತೊಮ್ಮೆ ತೆಗೆಯಿರಿ, ಕರುಳಿನೊಳಕ್ಕೇ ಚುಚ್ಚಿರಬಹುದು.

ಲ್ಯಾಬ್_ಬೆಂಚ್:

ಮೀಟರ್ ಬಗ್ಗೆ. ಅದು ಇಡೀ ರಕ್ತಕ್ಕೆಂದು ಮಾಡಿದ ಯಂತ್ರ, ಮತ್ತು ಕುದುರೆಯಲ್ಲಿ ಇಡೀ ರಕ್ತದ ಲ್ಯಾಕ್ಟೇಟ್ ಯಾವಾಗಲೂ ಪ್ಲಾಸ್ಮಾದ (ಕಣ ತೆಗೆದ ರಕ್ತದ್ರವದ) ಲ್ಯಾಕ್ಟೇಟ್‌ಗಿಂತ ಕಡಿಮೆ, ಏಕೆಂದರೆ ಕೆಂಪು ಕಣಗಳ ಒಳಗೆ ಪ್ಲಾಸ್ಮಾದಷ್ಟು ಲ್ಯಾಕ್ಟೇಟ್ ಇರುವುದಿಲ್ಲ. ಹೊಟ್ಟೆ ನೀರಿನಲ್ಲಿ ಕೆಂಪು ಕಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದರೆ ಎರಡೂ ನಿಜವಾಗಿ ಸಮ ಇದ್ದರೂ ಮೀಟರ್‌ನಲ್ಲಿ ನೀರಿನದ್ದೇ ಹೆಚ್ಚು ಕಾಣುತ್ತದೆ. ನಿಮ್ಮ ಥೀಸಿಸ್‌ನ ಮುಖ್ಯ ಹೋಲಿಕೆಯೇ ಅದು! ಡೀಹೈಡ್ರೇಷನ್ ಆಗಿ ಪಿಸಿವಿ 55–60 ತಲುಪಿದ ಕುದುರೆಯಲ್ಲಿ ಈ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ, ಅಂಥ ಕುದುರೆಗಳೇ ನಿಮಗೆ ಬೇಕಾದ ಕೇಸುಗಳು.

ದಾರಿ ಏನೆಂದರೆ, ಎರಡನ್ನೂ ಸೋಡಿಯಂ ಫ್ಲೋರೈಡ್–ಪೊಟ್ಯಾಸಿಯಂ ಆಕ್ಸಲೇಟ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ಹಾಕಿ, ಐಸ್‌ನಲ್ಲಿಟ್ಟು, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಬೆಂಚ್ ಅನಲೈಸರ್‌ನಲ್ಲಿ ಅಳೆಯಿರಿ. ಸಾದಾ ಟ್ಯೂಬಿನಲ್ಲಿ ಬಿಟ್ಟರೆ ಕಣಗಳು ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಬೇಸಿಗೆಯ ಮಧ್ಯಾಹ್ನ ಜೇಬಿನಲ್ಲಿಟ್ಟ ಟ್ಯೂಬಿನ ಅಂಕಿಗೆ ಅರ್ಥವಿಲ್ಲ. ಮೀಟರನ್ನೂ ಪಕ್ಕದಲ್ಲಿ ಬಳಸಿ, ಲಾಯದಲ್ಲಿ ಕೆಲಸ ಮಾಡುವವರಿಗೆ ಅದೇ ಗತಿ. ಕನಿಷ್ಠ 40 ಜೋಡಿ ಮಾದರಿಗಳಲ್ಲಿ, ಕಡಿಮೆ ಅಂಕಿಯಿಂದ ಹೆಚ್ಚಿನವರೆಗೆ ಹರಡಿರುವಂತೆ, ಎರಡು ಯಂತ್ರಗಳ ಅಂಕಿಯ ವ್ಯತ್ಯಾಸ ತೋರಿಸುವ ಬ್ಲಾಂಡ್–ಆಲ್ಟ್‌ಮನ್ ಚಿತ್ರ ಬಿಡಿಸಿ. ಬರೀ ಕೋರಿಲೇಷನ್ ಹಾಕಬೇಡಿ. ಎರಡು ಯಂತ್ರಗಳ ನಡುವೆ ಯಾವಾಗಲೂ 2 ಮಿಲಿಮೋಲ್ ವ್ಯತ್ಯಾಸ ಇದ್ದರೂ ಕೋರಿಲೇಷನ್ 0.98 ಬರಬಹುದು.

ಚಿಕ್ಕ ವಿಷಯಗಳು, ಆದರೆ ಡೇಟಾ ಹಾಳಾಗುವುದು ಇವುಗಳಿಂದಲೇ. ನಮ್ಮ ಅನೇಕ ಲ್ಯಾಬ್‌ಗಳು ಮಿ.ಗ್ರಾಂ/ಡೆ.ಲೀ.ನಲ್ಲಿ ರಿಪೋರ್ಟ್ ಕೊಡುತ್ತವೆ, 9ರಿಂದ ಭಾಗಿಸಿದರೆ ಮಿಲಿಮೋಲ್. ಡ್ರಿಪ್ ಓಡುತ್ತಿರುವ ಕ್ಯಾಥೆಟರ್‌ನಿಂದ ರಕ್ತ ತೆಗೆಯಬೇಡಿ, ಅದರಲ್ಲೂ ರಿಂಗರ್ಸ್ ಲ್ಯಾಕ್ಟೇಟ್ ಹೋಗುತ್ತಿದ್ದರೆ. ಇನ್ನೊಂದು ಕಡೆಯ ಜುಗುಲರ್ ಬಳಸಿ. ಹೊಟ್ಟೆ ನೀರಿನ ಪ್ರೋಟೀನನ್ನು ರಿಫ್ರಾಕ್ಟೋಮೀಟರ್‌ನಲ್ಲಿ ನೋಡುವಾಗ ಸಾದಾ ಟ್ಯೂಬಿನದ್ದನ್ನು ಬಳಸಿ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ ನಾಲ್ಕು ಹನಿ ಮಾತ್ರ ಬಿದ್ದಿದ್ದರೆ ಇಡಿಟಿಎಯೇ ಪ್ರೋಟೀನ್ ಆಗಿ ಓದಿಕೊಳ್ಳುತ್ತದೆ, 2.5 ಗ್ರಾಂ/ಡೆ.ಲೀ. ದಾಟಿತೆಂದು ಸುಳ್ಳು ಗಾಬರಿ. ರೇಸ್ ಕುದುರೆ ಗ್ಯಾಲಪ್ ಮುಗಿಸಿ ಎಷ್ಟು ಹೊತ್ತಾಯಿತು ಎಂದು ಕುದುರೆ ನೋಡಿಕೊಳ್ಳುವ ಸೈಸ್‌ನನ್ನು ಕೇಳಿ ಬರೆಯಿರಿ. ಜೋರಾಗಿ ಓಡಿದ ಕುದುರೆಯ ರಕ್ತದ ಲ್ಯಾಕ್ಟೇಟ್ 20 ದಾಟುತ್ತದೆ, ಇಳಿಯಲು ಗಂಟೆಗೂ ಹೆಚ್ಚು ಬೇಕು. ಪೋನಿಗಳನ್ನು ಬೇರೆ ಗುರುತಿಸಿ, ಅವುಗಳಲ್ಲಿ ಅಂಕಿ ಮೇಲಕ್ಕೇ ಇರುತ್ತದೆ.

ಅಂಕಿಅಂಶ_ಪಶು:

30 ಸಾಲುವುದಿಲ್ಲ. ಲೆಕ್ಕ ಹೀಗೆ: ಟೆಸ್ಟಿನ ಸೆನ್ಸಿಟಿವಿಟಿ (ಕರುಳು ತಿರುಚಿದವುಗಳಲ್ಲಿ ಟೆಸ್ಟ್ ಹಿಡಿಯುವ ಪ್ರಮಾಣ) 90% ಇರಬಹುದೆಂದು ಊಹಿಸಿ, ಅದನ್ನು ಹೆಚ್ಚುಕಡಿಮೆ 10%ರ ಒಳಗೆ ಹೇಳಬೇಕಾದರೆ 1.96ರ ವರ್ಗ × 0.9 × 0.1 ÷ 0.01, ಅಂದರೆ ಸುಮಾರು 35 ಕುದುರೆ. ಈ 35 ಬರೀ ಕರುಳು ತಿರುಚಿದ ಕುದುರೆಗಳು. ನಿಮ್ಮಲ್ಲಿಗೆ ಬರುವ ಕೋಲಿಕ್‌ಗಳಲ್ಲಿ ಐದರಲ್ಲಿ ಒಂದು ಅಂಥದ್ದಾದರೆ ಒಟ್ಟು 175 ಬೇಕು. ಎಂ.ವಿ.ಎಸ್‌ಸಿ. ಅವಧಿಯಲ್ಲಿ ಒಂದೇ ಕಾಲೇಜಿಗೆ ಅದು ಆಗುವ ಮಾತಲ್ಲ. ಆದ್ದರಿಂದ ಪ್ರಶ್ನೆ ಬದಲಿಸಿ. 'ಕಟಾಫ್ ಎಷ್ಟು' ಬಿಟ್ಟು, 'ಎರಡು ಗುಂಪುಗಳಲ್ಲಿ ಲ್ಯಾಕ್ಟೇಟ್ ಗಂಟೆಗೆ ಎಷ್ಟು ಏರುತ್ತದೆ' ಎಂದು ಕೇಳಿದರೆ ಪ್ರತಿ ಕುದುರೆಯಿಂದ ಎರಡು ಅಳತೆ ಸಿಗುತ್ತದೆ, ಕಡಿಮೆ ಕುದುರೆಯಲ್ಲೇ ಪ್ರಾಮಾಣಿಕ ಉತ್ತರ ಸಿಗುತ್ತದೆ. 30 ಕೇಸಿನಲ್ಲಿ ಕಟಾಫ್ ಹುಡುಕಿ ಅದೇ 30ರ ಮೇಲೆ ಪರೀಕ್ಷಿಸಿದರೆ ಬರುವ ಅಂಕಿ ನಿಜಕ್ಕಿಂತ ಚೆನ್ನಾಗಿಯೇ ಕಾಣುತ್ತದೆ.

'ಬದುಕಿತೋ ಸತ್ತಿತೋ' ಎಂಬುದನ್ನು ಮುಖ್ಯ ಫಲಿತಾಂಶ ಮಾಡಲೇಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಆಪರೇಷನ್ ಖರ್ಚು ಭರಿಸಲಾಗದೆ ಮಾಲೀಕರು ದಯಾಮರಣಕ್ಕೆ ಒಪ್ಪಿದ ಕುದುರೆಯೂ ಸತ್ತ ಪಟ್ಟಿಗೇ ಸೇರುತ್ತದೆ. ಟಾಂಗಾ ಕುದುರೆ ಮತ್ತು ಬೆಲೆಬಾಳುವ ರೇಸ್ ಕುದುರೆ, ಒಂದೇ ಲ್ಯಾಕ್ಟೇಟ್, ಬೇರೆ ಬೇರೆ ಅಂತ್ಯ. ಅದಕ್ಕಿಂತ ಕೆಟ್ಟದ್ದು, ಲ್ಯಾಕ್ಟೇಟ್ 9 ಇದೆ ಎಂದು ನೋಡಿಯೇ ದಯಾಮರಣದ ಸಲಹೆ ಕೊಟ್ಟರೆ, ಆಮೇಲೆ 'ಹೆಚ್ಚಿನ ಲ್ಯಾಕ್ಟೇಟ್ ಇದ್ದವು ಸತ್ತವು' ಎಂದು ಬರೆಯುವುದರಲ್ಲಿ ಏನು ಅರ್ಥ? ಫಲಿತಾಂಶ ಎಂದರೆ ಕರುಳಿನ ಸ್ಥಿತಿ: ಆಪರೇಷನ್‌ನಲ್ಲಿ ಕಂಡದ್ದು, ಇಲ್ಲವೇ ಪೋಸ್ಟ್‌ಮಾರ್ಟಂನಲ್ಲಿ ಕಂಡದ್ದು, ಇಲ್ಲವೇ ಔಷಧಿಯಲ್ಲೇ ಗುಣವಾಗಿ ಮನೆಗೆ ಹೋದದ್ದು. ಸರ್ಜನ್ ಕರುಳಿನ ಬಣ್ಣ, ಜಾಗ, ಉದ್ದವನ್ನು ಅನಲೈಸರ್ ಅಂಕಿ ನೋಡುವ ಮೊದಲೇ ಬರೆದು ಸಹಿ ಹಾಕಲಿ. ಪೋಸ್ಟ್‌ಮಾರ್ಟಂ ಬೇಗ ಮಾಡಿ. ಸತ್ತ ಮೇಲೆ ಗ್ಯಾಸ್‌ನಿಂದ ಒಡೆದ ಜಠರದ ಅಂಚಿನಲ್ಲಿ ರಕ್ತಸ್ರಾವ ಇರುವುದಿಲ್ಲ, ಜೀವ ಇದ್ದಾಗ ಒಡೆದದ್ದರಲ್ಲಿ ಇರುತ್ತದೆ.

ಇನ್ನೊಂದು ಮಾತು. ಸೆನ್ಸಿಟಿವಿಟಿ 90, ಸ್ಪೆಸಿಫಿಸಿಟಿ (ತಿರುಚದವುಗಳನ್ನು ಇಲ್ಲ ಎಂದು ಸರಿಯಾಗಿ ಹೇಳುವ ಪ್ರಮಾಣ) 85 ಎಂದೇ ಹಿಡಿಯಿರಿ. ಆಸ್ಪತ್ರೆಗೆ ಬಂದ 100ರಲ್ಲಿ 20 ತಿರುಚಿದವಾದರೆ ಪಾಸಿಟಿವ್ 30, ಅದರಲ್ಲಿ ನಿಜ 18, ಅಂದರೆ 60%. ಲಾಯದ ಮಟ್ಟದಲ್ಲಿ 100ಕ್ಕೆ 5 ಮಾತ್ರ ತಿರುಚಿದವು. ಅಲ್ಲಿ ಅದೇ ಟೆಸ್ಟಿನ ಪಾಸಿಟಿವ್‌ಗಳಲ್ಲಿ ನಿಜವಾದವು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಆಸ್ಪತ್ರೆಯ ಕಟಾಫನ್ನು ಲಾಯಕ್ಕೆ ಹಾಗೇ ಒಯ್ಯಬಾರದು ಎಂದು ಚರ್ಚೆಯ ಅಧ್ಯಾಯದಲ್ಲಿ ದಯವಿಟ್ಟು ಬರೆಯಿರಿ.

ಅರಿವಳಿಕೆ_ಮೇಡಂ:

ಮೊದಲೇ ಕೊಟ್ಟ ಇಂಜೆಕ್ಷನ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಔಷಧ, ಡೋಸ್, ಗಂಟೆ, ಮೂರೂ ಬರೆಯಿರಿ. ನೋವು ನಿವಾರಕ ಫ್ಲುನಿಕ್ಸಿನ್ 1.1 ಮಿ.ಗ್ರಾಂ/ಕೆ.ಜಿ. ಕೊಟ್ಟ ಕುದುರೆ ಗಂಟೆಗಳ ಕಾಲ ಶಾಂತವಾಗಿ ಕಾಣುತ್ತದೆ, ಒಳಗೆ ಕರುಳು ಸಾಯುತ್ತಿರಬಹುದು. ಪೂರ್ತಿ ಡೋಸ್ ಕೊಟ್ಟ ಮೇಲೂ ಎರಡು ಗಂಟೆಯೊಳಗೆ ನೋವು ಮರಳಿದರೆ ಅದೇ ಒಂದು ಆಪರೇಷನ್ ಸೂಚನೆ. ಫ್ಲುನಿಕ್ಸಿನನ್ನು ಸ್ನಾಯುವಿಗೆ ಚುಚ್ಚಿದ್ದರೆ ಆ ಜಾಗವನ್ನೂ ದಿನಾ ಮುಟ್ಟಿ ನೋಡಿ, ಕ್ಲಾಸ್ಟ್ರಿಡಿಯಂ ಸೋಂಕಿನಿಂದ ಊದಿಕೊಂಡು ಕುದುರೆಯೇ ಹೋಗಬಹುದು. ಕರುಳಿನ ಸೆಳೆತ ತಗ್ಗಿಸುವ ಹಯೋಸಿನ್ ಬ್ಯೂಟೈಲ್‌ಬ್ರೋಮೈಡ್ 0.3 ಮಿ.ಗ್ರಾಂ/ಕೆ.ಜಿ. ಆಗಿದ್ದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಹೃದಯ ಬಡಿತ ಏರಿರುತ್ತದೆ. ಆಗಿನ 64 ಬಡಿತವನ್ನು ಕರುಳಿನ ಲೆಕ್ಕಕ್ಕೆ ಹಾಕಬೇಡಿ. ಕ್ಸೈಲಜಿನ್, ಡೆಟೊಮಿಡಿನ್ ಬಡಿತ ಇಳಿಸುತ್ತವೆ, ಕರುಳಿನ ಸದ್ದನ್ನೂ ನಿಲ್ಲಿಸುತ್ತವೆ. ಮೊದಲು ಬಡಿತ, ಒಸಡಿನ ಬಣ್ಣ, ಹೊಟ್ಟೆಯ ಸದ್ದು ನೋಡಿ, ಆಮೇಲೆ ಮತ್ತಿನ ಔಷಧಿ.

ಬದುಕು–ಸಾವಿನ ಲೆಕ್ಕದ ವಿಷಯದಲ್ಲಿ ಮೇಲಿನ ಮಾತಿಗೆ ನನ್ನದೂ ಒಂದು ಸೇರ್ಪಡೆ. 2002ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನದಲ್ಲಿ 41,824 ಕುದುರೆಗಳ ಜನರಲ್ ಅನಸ್ತೇಷಿಯಾ ನೋಡಿದಾಗ ಏಳು ದಿನದೊಳಗಿನ ಸಾವು 1.9%, ಕೋಲಿಕ್ ಕೇಸು ಬಿಟ್ಟರೆ 0.9%. ನಾಯಿ ಬೆಕ್ಕುಗಳಿಗಿಂತ ಇದು ಬಹಳ ಹೆಚ್ಚು. ಎದ್ದು ನಿಲ್ಲುವಾಗ ಕಾಲು ಮುರಿದುಕೊಂಡ ಕುದುರೆಯ ಸಾವಿಗೂ ಕರುಳಿನ ಲ್ಯಾಕ್ಟೇಟ್‌ಗೂ ಸಂಬಂಧವಿಲ್ಲ. ಅಂಗಾತ ಮಲಗಿಸಿದಾಗ ಸರಾಸರಿ ರಕ್ತದೊತ್ತಡ 70ಕ್ಕಿಂತ ಕೆಳಗೆ ಬಿಡಬೇಡಿ, ಒತ್ತಡ ಏರಿಸುವ ಡೊಬುಟಮಿನ್ ಡ್ರಿಪ್ ಕೈಗೆ ಸಿಗುವಂತಿರಲಿ. ಒತ್ತಡ ಬಿದ್ದರೆ ಭಾರ ಬಿದ್ದ ಸ್ನಾಯುಗಳೂ ಲ್ಯಾಕ್ಟೇಟ್ ಸುರಿಸುತ್ತವೆ, ಆಪರೇಷನ್ ನಂತರದ ಅಂಕಿಯನ್ನು ಓದುವಾಗ ಇದು ನೆನಪಿರಲಿ.

ದೂರದಿಂದ ಕಳಿಸುವವರಿಗೆ: ಮೂಗಿನ ಮೂಲಕ ಜಠರಕ್ಕೆ ಟ್ಯೂಬ್ ಹಾಕಿದಾಗ 2 ಲೀಟರ್‌ಗಿಂತ ಹೆಚ್ಚು ವಾಪಸ್ ಬಂದರೆ ಟ್ಯೂಬ್ ತೆಗೆಯದೆ ಹೆಡ್‌ಕಾಲರ್‌ಗೆ ಕಟ್ಟಿಯೇ ಫ್ಲೋಟ್ (ಕುದುರೆ ಸಾಗಿಸುವ ವಾಹನ) ಹತ್ತಿಸಿ. ಕುದುರೆಗೆ ವಾಂತಿ ಬರುವುದಿಲ್ಲ, ದಾರಿಯಲ್ಲಿ ಜಠರ ಒಡೆದರೆ ಮುಗಿಯಿತು. ಎಷ್ಟು ಲೀಟರ್ ಬಂತು ಎಂಬುದನ್ನು, ಒಳಗೆ ಹಾಕಿದ ನೀರು ಕಳೆದು, ಚೀಟಿಯಲ್ಲಿ ಬರೆದು ಕಳಿಸಿ.

ಸರ್ಜರಿ_ಪಿಜಿ:

ಎಲ್ಲರಿಗೂ ತುಂಬಾ ಧನ್ಯವಾದ. ಫಲಿತಾಂಶವನ್ನು ಕರುಳಿನ ಸ್ಥಿತಿಗೆ ಬದಲಿಸಿ, 0 ಮತ್ತು 2 ಗಂಟೆಗೆ ಪ್ಲಾಸ್ಮಾ ಮತ್ತು ಹೊಟ್ಟೆ ನೀರು ಎಂದು ಗೈಡ್ ಮುಂದೆ ಇಡುತ್ತೇನೆ. ಸ್ಟಡ್ ಫಾರ್ಮ್‌ನಿಂದ ತುಂಬು ಗಬ್ಬದ ಹೆಣ್ಣು ಕುದುರೆ, ಮರಿಗಳೂ ಬರಬಹುದು. ಅವನ್ನು ಸೇರಿಸಲೇ?

ಅಶ್ವ_ಸರ್ಜನ್:

ಮರಿಗಳನ್ನು ಬಿಡಿ. ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಲ್ಯಾಕ್ಟೇಟ್ ಸಹಜವಾಗಿಯೇ ಹೆಚ್ಚು. ಚಿಕಿತ್ಸೆಗಾಗಿ ಮರಿಯಿಂದ ನೀರು ತೆಗೆಯಲೇಬೇಕಾದರೆ ಮತ್ತಿನ ಔಷಧಿ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು, 20 ಗೇಜ್ ಸೂಜಿ ಬಳಸಿ. ಕ್ಯಾನುಲಾದ ತೂತಿನಿಂದ ಒಮೆಂಟಮ್ (ಹೊಟ್ಟೆಯೊಳಗಿನ ಕೊಬ್ಬಿನ ಪೊರೆ) ಹೊರಗೆ ಇಣುಕುತ್ತದೆ. ಹಾಗೆ ಬಂದರೆ ಒಳಗೆ ತಳ್ಳಬೇಡಿ, ಚರ್ಮದ ಮಟ್ಟಕ್ಕೆ ಕತ್ತರಿಸಿ ಹೊಟ್ಟೆಗೆ ಬ್ಯಾಂಡೇಜ್ ಸುತ್ತಿ.

ತುಂಬು ಗಬ್ಬದ ಕುದುರೆಯನ್ನು ಸೇರಿಸಬಹುದು, ಆದರೆ ಗರ್ಭಕೋಶ ಹೊಟ್ಟೆಯ ತಳವನ್ನೆಲ್ಲ ಆವರಿಸಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಎದೆಮೂಳೆಯ ಹತ್ತಿರ ನೀರಿನ ಗುಂಡಿ ಕಂಡರೆ ಮಾತ್ರ ಚುಚ್ಚಿ, ಕಾಣದಿದ್ದರೆ ಆ ಕಾಲಂ ಖಾಲಿ ಬಿಡಿ. ಮರಳು ತುಂಬಿ ಭಾರವಾದ ದೊಡ್ಡ ಕರುಳು ತಳಕ್ಕೆ ಒತ್ತಿಕೊಂಡಿರುವ ಕುದುರೆಗೂ ಇದೇ ನಿಯಮ. ಲದ್ದಿಯನ್ನು ಕೈಗವಸಿನಲ್ಲಿ ಹಾಕಿ ನೀರು ಬೆರೆಸಿ ತೂಗುಹಾಕಿ. ಬೆರಳ ತುದಿಗಳಲ್ಲಿ ಮರಳು ಕೂತರೆ ಕುರುಡಾಗಿ ಸೂಜಿ ಹಾಕುವ ಕೆಲಸ ಬೇಡ.