ಹಿಂದಿನ ಗೇಟಿನ ಕ್ಯಾಮೆರಾ ಮತ್ತೆ ಬಂದ್

ಸಂಘದ ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ನಿನ್ನೆ ನೀರಿನ ಪೈಪಿಗೆ ಅಗೆಯುವಾಗ ಜೆಸಿಬಿ ನಮ್ಮ ಕೇಬಲ್ಲನ್ನು ಮತ್ತೆ ಕಿತ್ತಿದೆ. ಈ ವರ್ಷ ಇದು ಮೂರನೇ ಸಲ. ಹಿಂದಿನ ಗೇಟಿನ ನಾಲ್ಕೂ ಕ್ಯಾಮೆರಾ ಕಚೇರಿಯ ಟಿವಿಯಲ್ಲಿ ಕಾಣುತ್ತಿಲ್ಲ. ಮತ್ತೆ ಅಗೆಸಬೇಕಾ, ಬೇರೆ ದಾರಿ ಇದೆಯಾ?

ಮನೆ 61: ಅಗೆಸಬೇಡಿ ಸಾರ್. ರಾಜಕಾಲುವೆಯ ಆಚೆ ಈಚೆ ಎರಡೂ ಕಡೆ ವೈರಿಂಗ್ ಚೆನ್ನಾಗೇ ಇದೆ. ಹೋಗಿರುವುದು ನಡುವಿನ 300 ಮೀಟರ್ ಮಾತ್ರ. ಅಷ್ಟಕ್ಕೆ ವೈರ್‌ಲೆಸ್ ಬ್ರಿಡ್ಜ್ ಸಾಕು, ಅಂದರೆ ಕೇಬಲ್ ಬದಲು ರೇಡಿಯೋದಲ್ಲಿ ಮಾತಾಡುವ ಎರಡು ಡಬ್ಬಿ. ಕಚೇರಿಯ ತಾರಸಿಯಲ್ಲಿ ಒಂದು, ಆ ಕಡೆ ಒಂದು, ಎದುರುಬದುರಾಗಿ. ಎರಡೂ ಕಡೆ ವೈರ್ ಸೇರುವ ನೆಟ್‌ವರ್ಕ್ ಸ್ವಿಚ್‌ಗಳ ಲೆಕ್ಕಕ್ಕೆ ನಡುವೆ ಕೇಬಲ್ ಇದ್ದ ಹಾಗೇ.

ಮನೆ 18: ನಮ್ಮ ವೈಫೈ ಮಹಡಿಗೇ ಹತ್ತಲ್ಲ. ಇದು ಕಾಲುವೆ ದಾಟುತ್ತಾ?

ಮನೆ 61: ಮನೆ ರೂಟರ್ ಬಲ್ಬ್ ಇದ್ದ ಹಾಗೆ, ಸುತ್ತಲೂ ಚೆಲ್ಲುತ್ತದೆ. ಇದು ಟಾರ್ಚು. ವೀಡಿಯೊ ಕಳಿಸಲು ಕ್ಯಾಮೆರಾಗೆ ತಲಾ 4 ಎಂಬಿಪಿಎಸ್ ವೇಗ ಹಿಡಿದರೂ ಒಟ್ಟು 16. ಸಾಧಾರಣ ಜೋಡಿಯೂ ಅದನ್ನು ಆರಾಮಾಗಿ ಹೊರುತ್ತದೆ.

3ನೇ ಕ್ರಾಸ್ ಮೇಷ್ಟ್ರು: ಲೈಸೆನ್ಸ್ ಬೇಡವೇ? ನಾಳೆ ನೋಟಿಸ್ ಬಂದರೆ?

ಮನೆ 61: ಬೇಡ ಮೇಷ್ಟ್ರೇ. ಇದು ಬಳಸುವ 5 ಗಿಗಾಹರ್ಟ್ಸ್ ರೇಡಿಯೋ ತರಂಗಗಳ ದೊಡ್ಡ ಭಾಗಕ್ಕೆ ಲೈಸೆನ್ಸ್ ಬೇಕೆಂಬ ನಿಯಮವನ್ನು 2018ರಲ್ಲೇ ಕೇಂದ್ರ ಸರ್ಕಾರ ತೆಗೆದಿದೆ. ಪವರ್ ಮಿತಿ ಮೀರಬಾರದು ಅಷ್ಟೆ. ಸೆಟ್ಟಿಂಗ್‌ನಲ್ಲಿ ದೇಶ ಇಂಡಿಯಾ ಅಂತಲೇ ಇರಲಿ.

ನಿಜವಾದ ತೊಂದರೆ ಪಾರ್ಕಿನ ಹೊಂಗೆ ಮರ. ಕಚೇರಿಯಿಂದ ಗೇಟಿಗೆ ಅದು ನೇರ ಅಡ್ಡ. ಕೊಂಬೆಗಳ ಸಂದಿಯಲ್ಲಿ ಗೇಟ್ ಕಂಡರೆ ಸಾಲದು. ಈ ದೂರಕ್ಕೆ ಸಿಗ್ನಲ್ ಹಾದಿಯ ನಟ್ಟನಡುವೆ, ಅದರ ಸುತ್ತ 2 ಮೀಟರ್‌ನಷ್ಟು ಜಾಗ ಖಾಲಿ ಇರಬೇಕು. ಈಗ ಎಲೆ ಉದುರಿದೆ, ಹಾಕಿದರೆ ಸಿಗ್ನಲ್ ಬರುತ್ತದೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತೀರಿ. ಯುಗಾದಿ ಕಳೆದು ಚಿಗುರು ತುಂಬಿ, ಅದರ ಮೇಲೆ ಮಳೆ ಬಿದ್ದಾಗ ನನಗೇ ಬೈಯುತ್ತೀರಿ.

ಮನೆ 18: ಕೊಂಬೆ ಕಡಿಸಿದರೆ ಆಯ್ತಲ್ವಾ?

ಮೇಷ್ಟ್ರು: ಆ ಮರ ನೆಟ್ಟವನು ನಾನು. ಬೇರೆ ಮಾತಾಡಿ.

ಮನೆ 61: ಮರ ಮುಟ್ಟುವುದೇ ಬೇಡ. 74ನೇ ಮನೆಯ ತಾರಸಿ ಸಿಕ್ಕರೆ ಮರ ಪಕ್ಕಕ್ಕೆ ಉಳಿಯುತ್ತದೆ. ಅಲ್ಲಿಂದ ಗೇಟಿನ ಕ್ಯಾಬಿನ್‌ಗೆ 40 ಮೀಟರ್ ಕೇಬಲ್, ಗೋಡೆ ಮೇಲೇ.

ಮನೆ 74: ಕೊಡ್ತೀವಪ್ಪ. ಆದರೆ ತಾರಸಿಗೆ ತೂತು ಕೊರೆಯೋ ಹಾಗಿಲ್ಲ, ಹೋದ ವರ್ಷವಷ್ಟೇ ವಾಟರ್‌ಪ್ರೂಫ್ ಮಾಡಿಸಿದ್ದು. ಕರೆಂಟ್ ಬಿಲ್ ಯಾರದು?

ಮನೆ 61: ತೂತು ಇಲ್ಲ ಅಕ್ಕ. ಸೋಲಾರ್ ಸ್ಟ್ಯಾಂಡಿನ ಪೈಪಿಗೇ ಕ್ಲಾಂಪ್ ಹಾಕುತ್ತೇವೆ. 10 ವ್ಯಾಟ್ ಅಂದರೂ ತಿಂಗಳಿಗೆ ಏಳೆಂಟು ಯೂನಿಟ್.

ಕಾರ್ಯದರ್ಶಿ: ಅದನ್ನು ಸಂಘ ಕೊಡುತ್ತದೆ.

ಮನೆ 61: ಇನ್ನೆರಡು ಮಾತು. ಗೇಟಿನ ಕ್ಯಾಬಿನ್‌ನಲ್ಲೂ ಒಂದು ರೂಟರ್ ಇದೆ. ಜೋಡಿಸಿದ ಮೇಲೆ ಎರಡೂ ರೂಟರ್ ಐಪಿ ವಿಳಾಸ ಹಂಚಲು ಶುರು ಮಾಡಿದರೆ ಗೋಜಲು. ಒಂದರ ಡಿಎಚ್‌ಸಿಪಿ, ಅಂದರೆ ಆ ವಿಳಾಸ ಹಂಚುವ ಸೆಟ್ಟಿಂಗ್, ಆಫ್ ಮಾಡಲೇಬೇಕು, ಎರಡೂ ರೂಟರ್‌ಗೆ ಒಂದೇ ವಿಳಾಸ ಇದ್ದರೆ ಅದನ್ನೂ ಬದಲಿಸಬೇಕು. ಮತ್ತೆ, ಹಳೇ ಕೇಬಲ್ಲನ್ನು ಯಾರಾದರೂ ಉಪಕಾರಕ್ಕೆ ಅಂತ ರಿಪೇರಿ ಮಾಡಿ ಸಿಕ್ಕಿಸಿಬಿಟ್ಟರೆ ಎರಡು ದಾರಿ ಸೇರಿ ಲೂಪ್ ಆಗಿ, ಡೇಟಾ ಸುತ್ತುತ್ತಲೇ ಇದ್ದು, ಎರಡೂ ಕಡೆ ನೆಟ್‌ವರ್ಕ್ ಒಟ್ಟಿಗೇ ಕೂತುಬಿಡುತ್ತದೆ. ಹಳೇ ಕೇಬಲ್ಲಿನ ತುದಿ ಇವತ್ತೇ ಕತ್ತರಿಸಿ.

ಮೇಷ್ಟ್ರು: ಸಿಡಿಲು?

ಮನೆ 61: ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್ ಹಾಕೋಣ. ನೇರ ಹೊಡೆದರೆ ಏನೂ ಮಾಡಲಾಗದು.

ಕಾರ್ಯದರ್ಶಿ: ಸರಿ, ಭಾನುವಾರ 9ಕ್ಕೆ. ದೊಡ್ಡ ಏಣಿ ಯಾರ ಹತ್ತಿರ ಇದೆ?

ಮನೆ 18: ನನ್ನದು ಹೋದ ದೀಪಾವಳಿಯಿಂದ ಸಂಘದ ಕಚೇರಿಯಲ್ಲೇ ಇದೆ ಸಾರ್.