ಸಹಾಯ ಬೇಕು: ಕೇಸ್ ನಂಬರ್ ಇಲ್ಲದೆ ಹಳೇ ತೀರ್ಪಿನ ನಕಲು ತೆಗೆಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ತಾತನವರ ಕಾಲದ ಒಂದು ಪಾಲು ವಿಭಾಗದ ದಾವೆ 1987ರಲ್ಲಿ ಸಿವಿಲ್ ಕೋರ್ಟಲ್ಲಿ ಇತ್ಯರ್ಥ ಆಗಿದೆ. ಈಗ ಅದರ ತೀರ್ಪು, ಡಿಕ್ರಿ (ತೀರ್ಪಿನ ಪ್ರಕಾರ ಕೋರ್ಟ್ ಬರೆದುಕೊಡೋ ಅಧಿಕೃತ ಆದೇಶ) ಎರಡರ ದೃಢೀಕೃತ ನಕಲೂ ಬೇಕಾಗಿದೆ. ಮನೇಲಿ ಸಿಕ್ಕಿದ್ದು ಒಂದೇ ಹಾಳೆ. ಮಡಿಕೆ ಬಿದ್ದ ಜಾಗದಲ್ಲೇ ಕೇಸ್ ನಂಬರ್ ಅಳಿಸಿಹೋಗಿದೆ. "/84" ಅನ್ನೋದಷ್ಟೇ ಕಾಣುತ್ತೆ. ಅಂದ್ರೆ ದಾವೆ ಹೂಡಿದ್ದು 1984ರಲ್ಲಿ ಅಂತ ನನ್ನ ಲೆಕ್ಕ.

ಆನ್‌ಲೈನಲ್ಲಿ ತಾತನ ಹೆಸರು ಹಾಕಿ, ಕಾಗುಣಿತ ನಾಲ್ಕು ಥರ ಬದಲಾಯಿಸಿ ನೋಡಿದೆ, ಏನೂ ಬರಲಿಲ್ಲ. ಅಷ್ಟು ಹಳೇದನ್ನ ಕಂಪ್ಯೂಟರಿಗೆ ಏರಿಸಿಲ್ಲ ಅನ್ಸುತ್ತೆ. ನಕಲು ವಿಭಾಗದ ಕೌಂಟರಿಗೆ ಹೋದ್ರೆ "ನಂಬರ್ ತನ್ನಿ, ಅರ್ಜಿ ತಗೋತೀವಿ" ಅಂದ್ರು. ನಂಬರ್ ಇರೋದು ಅವರದೇ ರಿಜಿಸ್ಟರಲ್ಲಿ! ಅದನ್ನ ನೋಡೋಕೂ ನಂಬರ್ ಕೇಳಿದ್ರು. ಆಗಿನ ವಕೀಲರು ತೀರಿಕೊಂಡಿದ್ದಾರೆ, ಅವರ ಆಫೀಸಲ್ಲಿ ಹಳೇ ಕಡತ ಯಾವುದೂ ಉಳಿದಿಲ್ಲ.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ: ಪಕ್ಷಗಾರರ ಹೆಸರು, ವರ್ಷ ಇಷ್ಟನ್ನೇ ಕೊಟ್ಟು ರೆಕಾರ್ಡ್ ರೂಮಲ್ಲಿ ಹುಡುಕಿಸೋಕೆ ಬೇರೆ ಅರ್ಜಿ ಇದೆಯಾ? ಇದ್ರೆ ಯಾರ ಹೆಸರಿಗೆ ಬರೀಬೇಕು? ಇನ್ನೊಂದು, ದಾವೇಲಿ ನಾನು ಪಕ್ಷಗಾರ ಅಲ್ಲ, ಮೊಮ್ಮಗ. ವಂಶವೃಕ್ಷ ಲಗತ್ತಿಸಿದ್ರೆ ಸಾಕಾ, ಅಥವಾ ನಕಲು ಯಾಕೆ ಬೇಕು ಅಂತ ಅಫಿಡವಿಟ್ಟೂ ಕೊಡಬೇಕಾ? ಇದೇ ಥರ ನಂಬರ್ ಇಲ್ಲದೆ ತೆಗೆಸಿದವರು ಇದ್ರೆ ದಯವಿಟ್ಟು ಹೇಳಿ.